ಉಪಸಂಹಾರ ಅರಿಯದ ಅಸ್ತ್ರ

(ಶಿವಮೊಗ್ಗದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸಕ್ಕೆ ಅದರದೇ ಆದ ಒಂದು ಮರ್ಯಾದೆ ಇದೆ. ದುಡಿದು ಉಳಿಸಿದ ಹಣವನ್ನು ಯಾರೋ ತಮ್ಮ ಹಿರಿಯರ ನೆನಪಿನಲ್ಲಿ ಠೇವಣಿ ಇಡುತ್ತಾರೆ. ಅದರ ಬಡ್ಡಿಯಲ್ಲಿ ಊರು ವರ್ಷಕ್ಕೊಮ್ಮೆ ಒಟ್ಟಿಗೆ ಕೂತು ಒಂದು ವಿಚಾರ ಕೇಳುತ್ತದೆ. ಅಸಲು ಮುಟ್ಟಬಾರದು ಎಂಬುದು ದತ್ತಿಯ ನಿಯಮ. ಇಂದು ನಾನು ಆಡಬೇಕೆಂದಿರುವುದೂ ಮುಟ್ಟಬಾರದ ಒಂದು ಅಸಲಿನ ಬಗ್ಗೆಯೇ. ಸರ್ವನಾಶದ ಅಸ್ತ್ರ ಕೈಯಲ್ಲಿದೆ, ಸೋಲು ಕಣ್ಣೆದುರು ನಿಂತಿದೆ. ಆಗ ‘ಬಿಡು’ ಎನ್ನುವ ಹತಾಶೆಗೂ ‘ತಡೆ’ ಎನ್ನುವ ಅರಿವಿಗೂ ಜಗಳ ಹತ್ತುತ್ತದೆ. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿದ ನನ್ನನ್ನು ಈ ಜಗಳ ಬಿಡದೆ ಕಾಡಿದೆ.

ಜೊಂಡಿನ ಕಡ್ಡಿ

ಈ ಸೀಮೆಯ ನಮಗೆ ಅದು ಹೊಸ ಜಗಳವೇನಲ್ಲ. ತುಂಗೆಯ ಒಂದು ದಡದಲ್ಲಿ ಮತ್ತೂರು, ಇನ್ನೊಂದು ದಡದಲ್ಲಿ ಹೊಸಹಳ್ಳಿ. ಅಲ್ಲಿಯ ಗಮಕ ಕೇಳಿ ಬೆಳೆದವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಚಿಕ್ಕವನಿದ್ದಾಗ ನನ್ನ ಅಜ್ಜ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಮಹಾಭಾರತದ ಕೊನೆಯ ಭಾಗ ನಡೆಯುತ್ತಿದ್ದ ಒಂದು ರಾತ್ರಿ ವ್ಯಾಖ್ಯಾನಕ್ಕೆ ಕೂತಿದ್ದ ಹಿರಿಯರು ವಾಚನ ನಿಲ್ಲಿಸಿ ಎರಡು ಪದಗಳನ್ನು ಬಿಡಿಸಿ ಹೇಳಿದರು: ಪ್ರಯೋಗ ಮತ್ತು ಉಪಸಂಹಾರ. ಅಸ್ತ್ರವನ್ನು ಬಿಡುವುದು ಪ್ರಯೋಗ, ಬಿಟ್ಟ ಅಸ್ತ್ರವನ್ನು ಹಿಂದಕ್ಕೆ ಕರೆಯುವುದು ಉಪಸಂಹಾರ. ಎರಡೂ ಬಲ್ಲವನಿಗೆ ಮಾತ್ರ ಅಸ್ತ್ರವಿದ್ಯೆ ಪೂರ್ತಿ ಬಂದಂತೆ.

ವ್ಯಾಸಭಾರತದ ಸೌಪ್ತಿಕ ಪರ್ವದಲ್ಲಿ ಆ ಪ್ರಸಂಗ ಬರುತ್ತದೆ. ದುರ್ಯೋಧನ ತೊಡೆ ಮುರಿದು ಬಿದ್ದಿದ್ದಾನೆ. ಕೌರವರ ಕಡೆ ಉಳಿದವರು ಮೂವರೇ. ಅಶ್ವತ್ಥಾಮ ರಾತ್ರಿ ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು, ದ್ರೌಪದಿಯ ಐವರು ಮಕ್ಕಳನ್ನೂ ಸೇರಿಸಿ, ಕೊಂದು ಓಡುತ್ತಾನೆ. ಭೀಮ ಬೆನ್ನಟ್ಟುತ್ತಾನೆ, ಕೃಷ್ಣಾರ್ಜುನರು ಅವನ ಹಿಂದೆ ಬರುತ್ತಾರೆ. ಗಂಗೆಯ ದಡದಲ್ಲಿ, ವ್ಯಾಸರ ಸಮೀಪ, ದರ್ಭೆಯ ಬಟ್ಟೆಯುಟ್ಟು ಮೈಗೆ ತುಪ್ಪ ಬಳಿದುಕೊಂಡು ಧೂಳು ಮೆತ್ತಿ ಕೂತ ಅಶ್ವತ್ಥಾಮ ಕಾಣಿಸುತ್ತಾನೆ. ಅಟ್ಟಿಸಿಕೊಂಡು ಬರುವ ಭೀಮನನ್ನು ಕಂಡದ್ದೇ ಎಡಗೈಯಲ್ಲಿ ಒಂದು ಜೊಂಡಿನ ಕಡ್ಡಿ ಕಿತ್ತುಕೊಂಡು, ಪಾಂಡವರು ಇಲ್ಲವಾಗಲಿ ಎಂದು ಬ್ರಹ್ಮಶಿರ ಅಸ್ತ್ರವನ್ನು ಅಭಿಮಂತ್ರಿಸಿ ಬಿಡುತ್ತಾನೆ. ಅದನ್ನು ತಣಿಸಲೆಂದು ಅರ್ಜುನನೂ ಅದೇ ಅಸ್ತ್ರ ಬಿಡುತ್ತಾನೆ. ಆದರೆ ಬಿಡುವ ಮೊದಲು ಗುರುಪುತ್ರನಿಗೆ ಒಳ್ಳೆಯದಾಗಲಿ ಎಂದು ಹೇಳಿ ಬಿಡುತ್ತಾನೆ.

ಎರಡು ಬೆಂಕಿಗಳ ನಡುವೆ ವ್ಯಾಸರೂ ನಾರದರೂ ಬಂದು ನಿಲ್ಲುತ್ತಾರೆ. ಋಷಿಗಳ ಮಾತಿಗೆ ಅರ್ಜುನ ತನ್ನ ಅಸ್ತ್ರವನ್ನು ಹಿಂದಕ್ಕೆ ಕರೆಯುತ್ತಾನೆ. ಅಶ್ವತ್ಥಾಮನಿಂದ ಅದು ಆಗುವುದಿಲ್ಲ. ಆಗ ಅವನ ಬಾಯಿಂದ ಸತ್ಯ ಹೊರಬೀಳುತ್ತದೆ: ಭೀಮನ ಭಯದಿಂದ, ಜೀವ ಉಳಿಸಿಕೊಳ್ಳುವ ಸಂಕಟದಲ್ಲಿ ಬಿಟ್ಟೆ, ಕರೆಯುವ ಶಕ್ತಿ ನನಗಿಲ್ಲ. ಹೊರಟ ಅಸ್ತ್ರಕ್ಕೆ ಬೀಳಲು ಒಂದು ಜಾಗ ಬೇಕು. ಪಾಂಡವರ ಮನೆಯ ಹೆಣ್ಣುಮಕ್ಕಳ ಗರ್ಭದತ್ತ ಅವನು ಅದನ್ನು ತಿರುಗಿಸುತ್ತಾನೆ. ಯುದ್ಧದಲ್ಲಿ ಯಾವ ಪಕ್ಷವನ್ನೂ ಹಿಡಿಯದ, ಉತ್ತರೆಯ ಗರ್ಭದಲ್ಲಿದ್ದ, ಇನ್ನೂ ಹುಟ್ಟದ ಮಗುವಿನ ಮೇಲೆ ಅದು ಬೀಳುತ್ತದೆ.

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ನಮ್ಮ ಪೂರ್ವಿಕರ ಬಳಿ ಅಣುಬಾಂಬ್ ಇತ್ತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ವಿಜ್ಞಾನಕ್ಕೂ ಅನ್ಯಾಯ, ವ್ಯಾಸರಿಗೂ ಅನ್ಯಾಯ. ಮಹಾಭಾರತದಲ್ಲಿರುವುದು ಬಾಂಬಿನ ತಂತ್ರವಲ್ಲ, ಬಾಂಬ್ ಹಿಡಿಯುವ ಮನಸ್ಸಿನ ಪರಿಚಯ. ಆ ಮನಸ್ಸು ಎಲ್ಲಿಂದ ಬಂತು ಎಂಬುದನ್ನೂ ಅದೇ ಪರ್ವದಲ್ಲಿ ಕೃಷ್ಣ ಹೇಳುತ್ತಾನೆ. ದ್ರೋಣ ಈ ಅಸ್ತ್ರವನ್ನು ಪ್ರೀತಿಯಿಂದ ಕೊಟ್ಟದ್ದು ಅರ್ಜುನನಿಗೆ. ಮಗ ಅಶ್ವತ್ಥಾಮ ಹಟ ಹಿಡಿದಾಗ ಮನಸ್ಸಿಲ್ಲದ ಮನಸ್ಸಿನಿಂದ ಅವನಿಗೂ ಕಲಿಸಿದ. ಕಲಿಸುವಾಗಲೇ ಎಚ್ಚರಿಸಿದ: ಎಂಥ ಕಡುಕಷ್ಟ ಬಂದರೂ ಇದನ್ನು ಪ್ರಯೋಗಿಸಬೇಡ, ಅದರಲ್ಲೂ ಮನುಷ್ಯರ ಮೇಲೆ ಬೇಡವೇ ಬೇಡ. ಗುರು ವಿದ್ಯೆ ಕೊಟ್ಟ, ಎಚ್ಚರವನ್ನೂ ಕೊಟ್ಟ. ಶಿಷ್ಯ ವಿದ್ಯೆಯನ್ನಷ್ಟೇ ಇಟ್ಟುಕೊಂಡ. ಈ ಕಥೆ ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಮತ್ತೆ ನಡೆಯಿತು.

ಹೊಗೆಯಿಂದ ಕಲಿತವರು

1915ರ ಏಪ್ರಿಲ್ 22. ಬೆಲ್ಜಿಯಂನ ಈಪ್ರ್ ಪಟ್ಟಣದ ಹತ್ತಿರ ಜರ್ಮನ್ ಸೇನೆ ಐದು ಸಾವಿರಕ್ಕೂ ಹೆಚ್ಚು ಸಿಲಿಂಡರುಗಳ ಬಾಯಿ ತೆರೆದು ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ತಿಂಗಳುಗಟ್ಟಲೆ ಕಂದಕಗಳಲ್ಲಿ ಕದಲದೆ ಕೂತಿದ್ದ ಯುದ್ಧವನ್ನು ಹೇಗಾದರೂ ಮುಗಿಸಬೇಕೆಂಬ ಹತಾಶೆ ಸೇನೆಗಿತ್ತು. ಆದರೆ ಉಪಾಯ ಸೂಚಿಸಿ ಮುಂದೆ ನಿಂತು ನಡೆಸಿದವರು ಸೇನಾಪತಿಯಲ್ಲ, ರಸಾಯನಶಾಸ್ತ್ರಜ್ಞ ಫ್ರಿಟ್ಜ್ ಹೇಬರ್. ಗಾಳಿಯಲ್ಲಿರುವ ಸಾರಜನಕವನ್ನು ಅಮೋನಿಯ ಮಾಡಿ ಗೊಬ್ಬರಕ್ಕೆ ದಾರಿ ತೆರೆದವರೂ ಇವರೇ. ನಮ್ಮ ಗದ್ದೆಗೆ ಹಾಕುವ ಯೂರಿಯದಲ್ಲಿ ಅವರ ವಿದ್ಯೆ ಇದೆ. ಅನಿಲದಿಂದ ಯುದ್ಧ ಬೇಗ ಮುಗಿಯುತ್ತದೆ, ಅದರಿಂದ ಎಷ್ಟೋ ಜೀವ ಉಳಿಯುತ್ತದೆ ಎಂದು ಹೇಬರ್ ತಮ್ಮ ಕಿರಿಯ ಸಹೋದ್ಯೋಗಿ ಓಟೊ ಹಾನ್‌ಗೆ ಹೇಳಿದರು. ಯುದ್ಧವೇನೂ ಬೇಗ ಮುಗಿಯಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಬ್ರಿಟಿಷರೂ ಅನಿಲ ಬಿಟ್ಟರು. ಯುದ್ಧ ಇನ್ನೂ ಮೂರು ವರ್ಷ ಎಳೆಯಿತು.

ಆ ಅನಿಲ ದಳದಲ್ಲಿ ಜೇಮ್ಸ್ ಫ್ರಾಂಕ್ ಎಂಬ ಯುವ ಭೌತವಿಜ್ಞಾನಿಯೂ ಇದ್ದರು. ಮುಂದೆ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 1933ರಲ್ಲಿ ಹಿಟ್ಲರನ ಸರ್ಕಾರ ಯಹೂದಿ ಅಧ್ಯಾಪಕರನ್ನು ತೆಗೆದುಹಾಕಿದಾಗ ಪ್ರತಿಭಟಿಸಿ ಗಟಿಂಗೆನ್‌ನ ಹುದ್ದೆ ಬಿಟ್ಟು ಹೊರಟ ಅವರು ಕೊನೆಗೆ ಅಮೆರಿಕ ಸೇರಿದರು. ಷಿಕಾಗೊದಲ್ಲಿ ಅಣುಬಾಂಬಿನ ಕೆಲಸಕ್ಕೆ ಕರೆ ಬಂದಾಗ ಅವರು ಒಂದು ಷರತ್ತು ಹಾಕಿದರು: ಬೇರೆ ಯಾರಿಗಿಂತ ಮೊದಲು ಬಾಂಬ್ ನಮ್ಮ ಕೈಗೆ ಬಂದರೆ, ಅದನ್ನು ಬಳಸುವ ವಿಚಾರದಲ್ಲಿ ನನ್ನ ಮಾತನ್ನು ದೊರೆಗಳ ಹತ್ತಿರ ಹೇಳಲು ಅವಕಾಶ ಇರಬೇಕು. ಇಪ್ಪತ್ತೈದರ ಆಸುಪಾಸಿನ ವಿದ್ಯಾರ್ಥಿಗಳಿಗೆ ನಾನು ಈ ಷರತ್ತಿನ ಬಗ್ಗೆ ಪ್ರತಿ ವರ್ಷ ಹೇಳುತ್ತಿದ್ದೆ. ಕೆಲಸಕ್ಕೆ ಸೇರುವಾಗ ಸಂಬಳ ಕೇಳುತ್ತೇವೆ, ಹುದ್ದೆ ಕೇಳುತ್ತೇವೆ. ಮಾತಾಡುವ ಹಕ್ಕನ್ನು ಮುಂಗಡವಾಗಿ ಕೇಳಿಟ್ಟುಕೊಂಡ ವಿಜ್ಞಾನಿ ಅವರು.

1945ರ ಜೂನ್ 11ರಂದು ಆ ಹಕ್ಕು ಕೆಲಸಕ್ಕೆ ಬಂತು. ಫ್ರಾಂಕ್ ಅಧ್ಯಕ್ಷತೆಯ ಏಳು ಜನರ ಸಮಿತಿ ಒಂದು ವರದಿ ಬರೆಯಿತು. ಎಚ್ಚರಿಕೆಯಿಲ್ಲದೆ ಜಪಾನಿನ ಮೇಲೆ ಬಾಂಬ್ ಹಾಕಬೇಡಿ, ಜನವಸತಿ ಇಲ್ಲದ ಕಡೆ ಲೋಕದ ಪ್ರತಿನಿಧಿಗಳ ಎದುರು ಅದರ ಶಕ್ತಿ ತೋರಿಸಿ, ಈ ಗುಟ್ಟು ಬಹಳ ಕಾಲ ಗುಟ್ಟಾಗಿ ಉಳಿಯದು, ಪೈಪೋಟಿ ಶುರುವಾಗುತ್ತದೆ ಎಂಬುದು ವರದಿಯ ಸಾರ. ಫ್ರಾಂಕ್ ಅದನ್ನು ಹಿಡಿದು ವಾಷಿಂಗ್ಟನ್‌ಗೆ ಹೋದರು. ಯುದ್ಧಮಂತ್ರಿ ಸ್ಟಿಮ್ಸನ್ ಸಿಗಲಿಲ್ಲ. ವರದಿಯನ್ನು ಕಚೇರಿಯಲ್ಲಿ ಕೊಟ್ಟು ಬಂದರು.

ಐದು ದಿನ ಕಳೆದ ಮೇಲೆ, ಜೂನ್ 16ರಂದು, ಓಪನ್‌ಹೈಮರ್, ಫರ್ಮಿ, ಲಾರೆನ್ಸ್, ಕಾಂಪ್ಟನ್ ಇದ್ದ ವಿಜ್ಞಾನಿಗಳ ಇನ್ನೊಂದು ಮಂಡಳಿ ಸರ್ಕಾರಕ್ಕೆ ಸಲಹೆ ಕೊಟ್ಟಿತು. ಯುದ್ಧ ನಿಲ್ಲಿಸುವಂಥ ಪ್ರದರ್ಶನ ನಮಗೆ ಹೊಳೆಯುತ್ತಿಲ್ಲ, ನೇರ ಸೈನಿಕ ಬಳಕೆಗೆ ಒಪ್ಪತಕ್ಕ ಬದಲಿ ಕಾಣುತ್ತಿಲ್ಲ ಎಂದಿತು. ಅದೇ ತಿಂಗಳ 27ರಂದು ನೌಕಾಪಡೆಯ ಉಪಕಾರ್ಯದರ್ಶಿ ರಾಲ್ಫ್ ಬಾರ್ಡ್ ಮಾತ್ರ, ಬಾಂಬ್ ಹಾಕುವ ಎರಡು ಮೂರು ದಿನ ಮೊದಲಾದರೂ ಜಪಾನಿಗೆ ಎಚ್ಚರಿಕೆ ಕೊಡಿ ಎಂದು ಬರೆದರು. ನೋಡಿ, ಇಲ್ಲಿ ‘ತಡೆ’ ಎಂದವರಲ್ಲಿ ನೌಕಾಪಡೆಯ ಆಡಳಿತಗಾರರಿದ್ದರು, ‘ಬಿಡು’ ಎಂದವರಲ್ಲಿ ವಿಜ್ಞಾನಿಗಳಿದ್ದರು. ಸೈನಿಕನದು ಹತಾಶೆ, ವಿಜ್ಞಾನಿಯದು ಎಚ್ಚರ ಎಂದು ನಾವು ಸುಲಭವಾಗಿ ಪಂಕ್ತಿ ಹಾಕುತ್ತೇವೆ. ಇತಿಹಾಸ ಆ ಪಂಕ್ತಿಯಲ್ಲಿ ಕೂರುವುದಿಲ್ಲ.

ಸೇನೆಯ ಸಂಕಟ ಸುಳ್ಳಾಗಿರಲಿಲ್ಲ. ಏಪ್ರಿಲಿನಿಂದ ಜೂನಿನವರೆಗೆ ಒಕಿನಾವ ದ್ವೀಪದ ಕದನದಲ್ಲಿ ಎರಡೂ ಕಡೆ ಹರಿದ ರಕ್ತವನ್ನು ಕಂಡ ಯಾವ ಅಧಿಕಾರಿಗೂ ಮುಂದಿನ ದಾಳಿಯ ಯೋಚನೆಯೇ ನಡುಕ ತರುವಂಥದ್ದು. ಆ ನಡುಕವನ್ನು ನಾವು ಗೌರವಿಸಬೇಕು. ಆದರೆ ಆ ನಡುಕ ಹಿಡಿದದ್ದು ಅದೇ ಜೊಂಡಿನ ಕಡ್ಡಿಯನ್ನು. ಆಗಸ್ಟ್ 6ರಂದು ಹಿರೊಷಿಮ, 9ರಂದು ನಾಗಸಾಕಿ. ವರ್ಷದ ಕೊನೆಯ ಹೊತ್ತಿಗೆ ಹಿರೊಷಿಮದಲ್ಲಿ ಸತ್ತವರು ಸುಮಾರು 1,40,000 ಎಂದು ಅಂದಾಜು. ಗರ್ಭದಲ್ಲಿದ್ದಾಗಲೇ ವಿಕಿರಣ ತಗುಲಿ ಚಿಕ್ಕ ತಲೆಯೊಂದಿಗೆ ಹುಟ್ಟಿದ ಮಕ್ಕಳೂ ಅಲ್ಲಿದ್ದರು. ಉತ್ತರೆಯ ಗರ್ಭದ ಕಥೆ ಕೇಳಿ ಬೆಳೆದ ನನಗೆ ಈ ಸಂಗತಿಯನ್ನು ಮೊದಲು ಓದಿದ ದಿನ ಊಟ ಸೇರಲಿಲ್ಲ. ಪೈಪೋಟಿಯ ಬಗ್ಗೆ ಫ್ರಾಂಕ್ ಹೇಳಿದ್ದೂ ನಿಜವಾಯಿತು. ನಾಲ್ಕು ವರ್ಷಕ್ಕೆ, 1949ರ ಆಗಸ್ಟ್ 29ರಂದು, ಸೋವಿಯತ್ ಒಕ್ಕೂಟ ತನ್ನ ಬಾಂಬ್ ಸಿಡಿಸಿತು.

ಅಮೆರಿಕದ ಬಾಂಬ್ ಯೋಜನೆಯೊಳಗಿದ್ದು ಉಪಸಂಹಾರ ಮಾಡಿದ ಒಬ್ಬರನ್ನು ನೆನೆಯಬೇಕು. ಪೋಲೆಂಡಿನಲ್ಲಿ ಹುಟ್ಟಿದ ಜೋಸೆಫ್ ರಾಟ್‌ಬ್ಲಾಟ್, ಜರ್ಮನಿಯ ಬಳಿ ಬಾಂಬ್ ಇಲ್ಲವೆಂಬುದು ಖಚಿತವಾದೊಡನೆ 1944ರ ಕೊನೆಯಲ್ಲಿ ಲಾಸ್ ಅಲಮೋಸ್ ಬಿಟ್ಟು ಹೊರನಡೆದರು. ಭಯಕ್ಕೆ ಕಾರಣ ಹೋದ ಮೇಲೆ ಅಸ್ತ್ರಕ್ಕೂ ಕಾರಣವಿಲ್ಲ ಎಂಬ ನೇರ ಲೆಕ್ಕ ಅವರದು. 1995ರ ಶಾಂತಿ ನೊಬೆಲ್ ಅವರಿಗೂ, ಅವರು ಕಟ್ಟಿ ಬೆಳೆಸಿದ ಪಗ್‌ವಾಷ್ ಸಂಸ್ಥೆಗೂ ಸಂದಿತು.

ಮರಳಿನ ಮೇಲೆ ಅಂಗೈ

ಭದ್ರಾವತಿಯವರಿಗೆ ಈಗ ಒಂದು ಮಾತು. ನನ್ನ ತಂದೆ ನಿಮ್ಮ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಫರ್ನೇಸ್ ಬಳಿ ದುಡಿದವರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಲು ಇಟ್ಟುಕೊಂಡು 1923ರಲ್ಲಿ ಕಬ್ಬಿಣ ಕರಗಿಸತೊಡಗಿದ, ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ ಅದು. ನ್ಯೂಟೌನಿನ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಅವರು ಹೇಳುತ್ತಿದ್ದ ಒಂದು ಸಂಗತಿ ನನ್ನ ಭೌತಶಾಸ್ತ್ರದ ಮೊದಲ ಪಾಠ.

ಕರಗಿದ ಕಬ್ಬಿಣ ಹೊರಗೆ ಬಿಡುವ ಮೊದಲು ಅದು ಹರಿಯುವ ಕಾಲುವೆಗೆ ಮರಳು ಹಾಸುತ್ತಾರೆ. ಆ ಮರಳಿನಲ್ಲಿ ತೇವ ಇರಬಾರದು. ಸಾವಿರದ ನಾಲ್ಕುನೂರು ಡಿಗ್ರಿ ಬಿಸಿಯ ಲೋಹದ ಕೆಳಗೆ ಒಂದು ಬೊಗಸೆ ನೀರು ಸಿಕ್ಕಿಬಿದ್ದರೂ ಸಾಕು. ನೀರು ಆವಿಯಾದರೆ ತನ್ನ ಗಾತ್ರದ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಜಾಗ ಸಿಗದಿದ್ದರೆ ಕಬ್ಬಿಣವನ್ನೇ ಮೇಲಕ್ಕೆ ಸಿಡಿಸುತ್ತದೆ. ಮಳೆಗಾಲದ ದಿನಗಳಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಎಲ್ಲರಿಗೂ ಅವಸರ. ಫರ್ನೇಸ್ ತುಂಬಿದೆ, ಲೆಕ್ಕ ಕೊಡಬೇಕು, ಮುಂದಿನ ಪಾಳಿಯವರು ಬಾಗಿಲಲ್ಲಿ ನಿಂತಿದ್ದಾರೆ. ತಂದೆಯವರು ಮಂಡಿಯೂರಿ, ಕೈಗವಸು ತೆಗೆದು, ಬರಿಯ ಅಂಗೈಯನ್ನು ಮರಳಿನ ಮೇಲೆ ಒತ್ತಿ ಹಿಡಿಯುತ್ತಿದ್ದರಂತೆ. ಒಂದು ಕಡೆಯಲ್ಲ, ಕಾಲುವೆಯ ಉದ್ದಕ್ಕೂ. ಎಲ್ಲಾದರೂ ತಣ್ಣಗೆ ಅನ್ನಿಸಿದರೆ ‘ಕಾಯಿ’ ಎನ್ನುತ್ತಿದ್ದರು. ಕೆಂಡ ತಂದು ಸುರಿದು ಒಣಗಿಸಿದ ಮೇಲೇ ಬಾಯಿ ತೆರೆಯುವುದು. “ಒಳಗಿರೋವರೆಗೂ ಅದು ನಮ್ಮ ಮಾತು ಕೇಳುತ್ತೆ ಕಣೋ, ಹೊರಗೆ ಬಂತೂ ಅಂದ್ರೆ ನಾವು ಅದರ ಮಾತು ಕೇಳಬೇಕು” ಎಂದು ಹೇಳುತ್ತಿದ್ದರು.

ವಿಜ್ಞಾನದ ಎಚ್ಚರ ಎಂದರೆ ನನಗೆ ಇಂದಿಗೂ ಆ ಅಂಗೈ ನೆನಪಾಗುತ್ತದೆ. ಅದು ಹೆದರಿಕೆಯಲ್ಲ, ಹೆದರಿದವನು ಫರ್ನೇಸ್ ಹತ್ತಿರ ಹೋಗುವುದೇ ಇಲ್ಲ. ಬಿಟ್ಟ ಮೇಲೆ ಕರೆಯಲಾಗದ್ದನ್ನು ಬಿಡುವ ಮೊದಲೇ ಮುಟ್ಟಿ ನೋಡುವ ಅಭ್ಯಾಸ ಅದು.

ಆ ಅಭ್ಯಾಸ ಇದ್ದವರೂ ತಪ್ಪಿದರು. 1954ರ ಮಾರ್ಚ್ 1ರಂದು ಶಾಂತಸಾಗರದ ಬಿಕಿನಿ ಹವಳದಿಬ್ಬದಲ್ಲಿ ಅಮೆರಿಕ ‘ಬ್ರಾವೊ’ ಎಂಬ ಹೈಡ್ರೋಜನ್ ಬಾಂಬನ್ನು ಪರೀಕ್ಷಿಸಿತು. ಆರು ಮೆಗಾಟನ್ ಆದೀತೆಂದು ಲೆಕ್ಕ, ಆದದ್ದು ಹದಿನೈದು. ಅದರ ಇಂಧನದ ಲಿಥಿಯಂನಲ್ಲಿ ಬಹುಪಾಲು ಲಿಥಿಯಂ-7 ಎಂಬ ಬಗೆಯದು. ಅದು ಸುಮ್ಮನೆ ಬಿದ್ದಿರುತ್ತದೆ ಎಂದು ವಿಜ್ಞಾನಿಗಳು ಎಣಿಸಿದ್ದರು. ವೇಗದ ನ್ಯೂಟ್ರಾನುಗಳ ಏಟಿಗೆ ಅದೂ ಒಡೆದು ಟ್ರಿಟಿಯಂ ಕೊಟ್ಟು ಬೆಂಕಿಗೆ ತುಪ್ಪ ಸುರಿಯಿತು. ಜಪಾನಿನ ‘ಲಕ್ಕಿ ಡ್ರ್ಯಾಗನ್’ ಎಂಬ ಮೀನುಗಾರಿಕೆ ದೋಣಿಯ ಮೇಲೆ ಬಿಳಿ ಬೂದಿ ಸುರಿಯಿತು. ಅದರಲ್ಲಿದ್ದ 23 ಜನಕ್ಕೂ ವಿಕಿರಣದ ಕಾಯಿಲೆ ಹಿಡಿಯಿತು, ಒಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಲೋಕದ ಅತಿ ಜಾಣ ಲೆಕ್ಕಿಗರ ಮರಳಿನಲ್ಲಿ ತೇವ ಉಳಿದಿತ್ತು. ತಿಂಗಳು ಕಳೆದು, ಏಪ್ರಿಲ್ 2ರಂದು, ನೆಹರೂ ಲೋಕಸಭೆಯಲ್ಲಿ ಇಂಥ ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸುವ ಒಪ್ಪಂದಕ್ಕೆ ಕರೆ ಕೊಟ್ಟರು. ಆ ದನಿ ನಮ್ಮ ದೇಶದಿಂದ ಎದ್ದಿತ್ತು ಎಂಬುದನ್ನು ಮರೆಯಬಾರದು.

ಕೊಡಗಿನ ಜನರಲ್, ತುಮಕೂರಿನ ವಿಜ್ಞಾನಿ

ಕನ್ನಡ ನಾಡಿನ ಇಬ್ಬರು ಈ ಕಥೆಯೊಳಗೆ ಬರುತ್ತಾರೆ. 1950ರ ಕೊನೆಯಲ್ಲಿ ಕೊರಿಯಾದಲ್ಲಿ ಚೀನಾದ ಸೇನೆ ನುಗ್ಗಿ ಅಮೆರಿಕನ್ ಪಡೆಗಳು ಹಿಂದೆ ಸರಿದವು. ನವೆಂಬರ್ 30ರಂದು ಅಧ್ಯಕ್ಷ ಟ್ರೂಮನ್ ಅಣುಬಾಂಬಿನ ಬಳಕೆಯೂ ಪರಿಶೀಲನೆಯಲ್ಲಿದೆ ಎಂದಾಗ ಬ್ರಿಟಿಷ್ ಪ್ರಧಾನಿ ಆಟ್ಲಿ ಗಾಬರಿಯಿಂದ ವಾಷಿಂಗ್ಟನ್‌ಗೆ ಹಾರಿದರು. ಡಿಸೆಂಬರಿನಲ್ಲಿ ದಂಡನಾಯಕ ಮೆಕಾರ್ಥರ್ ಬಾಂಬ್ ಬಳಸುವ ವಿವೇಚನೆಯನ್ನು ತಮಗೆ ಕೊಡಿ ಎಂದು ಕೇಳಿದರು. ಕೊಡಲಿಲ್ಲ. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಧಿಕ್ಕರಿಸಿದ್ದಕ್ಕಾಗಿ 1951ರ ಏಪ್ರಿಲಿನಲ್ಲಿ ಅವರ ಅಧಿಕಾರವೂ ಹೋಯಿತು. ಯುದ್ಧ ನಿಂತದ್ದು ಬಾಂಬಿನಿಂದಲ್ಲ, ಎರಡು ವರ್ಷ ಎಳೆದಾಡಿದ ಮಾತುಕತೆಯಿಂದ, 1953ರ ಜುಲೈ 27ರಂದು. ಮಾತುಕತೆಯನ್ನು ಬಹುಕಾಲ ತಡೆದು ನಿಲ್ಲಿಸಿದ್ದ ಗಂಟು ಊರಿಗೆ ಮರಳಲು ಒಲ್ಲೆ ಎಂದ ಸೆರೆಯಾಳುಗಳದು. ಅಂಥ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಜನರ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ಮಡಿಕೇರಿಯ ಜನರಲ್ ಕೆ. ಎಸ್. ತಿಮ್ಮಯ್ಯ. ಗುಡಾರದೊಳಗೆ ಒಬ್ಬೊಬ್ಬ ಸೆರೆಯಾಳನ್ನೇ ಕೂರಿಸಿ ಎಲ್ಲಿಗೆ ಹೋಗುತ್ತೀಯ ಎಂದು ಕೇಳುವ ಏರ್ಪಾಡು ಅದು. ಎರಡೂ ಕಡೆಯವರ ಬೈಗುಳ ಕೇಳಿಕೊಂಡೇ ಅವರು ಆ ಕೆಲಸ ನಡೆಸಿದರು. ಒಂದೇ ಏಟಿಗೆ ಮುಗಿಸುತ್ತೇನೆ ಎಂದ ಜನರಲ್ ಒಬ್ಬರು, ಒಬ್ಬೊಬ್ಬರನ್ನೇ ಕೇಳುತ್ತೇನೆ ಎಂದ ಜನರಲ್ ಇನ್ನೊಬ್ಬರು. ಇಬ್ಬರೂ ಸೈನಿಕರೇ.

ಎರಡನೆಯವರು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ. ಪಿಯಾನೊ ನುಡಿಸುತ್ತಿದ್ದ, ತತ್ತ್ವಶಾಸ್ತ್ರ ಓದುತ್ತಿದ್ದ ದೊಡ್ಡ ಭೌತವಿಜ್ಞಾನಿ. 1962ರಲ್ಲಿ ಚೀನಾದ ಎದುರು ಕಂಡ ಸೋಲು, 1964ರ ಅಕ್ಟೋಬರ್ 16ರಂದು ಚೀನಾ ಸಿಡಿಸಿದ ಬಾಂಬ್ ಎರಡೂ ಸೇರಿ ನಮ್ಮ ದೇಶಕ್ಕೆ ದೊಡ್ಡ ಕಳವಳ ತಂದಿದ್ದವು. 1966ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷ ಭಾಭಾ ತೀರಿಕೊಂಡ ಮೇಲೆ ಆ ಸ್ಥಾನಕ್ಕೆ ಬಂದ ವಿಕ್ರಂ ಸಾರಾಭಾಯ್ ಬಾಂಬಿನ ದಾರಿಯ ಬಗ್ಗೆ ಸಂಶಯ ತಾಳಿದ್ದರು. ಅವರ ನಂತರ ಕೆಲಸ ಮುಂದೆ ಸಾಗಿತು. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನೆಲದಿಂದ 107 ಮೀಟರ್ ಆಳದಲ್ಲಿ ನಡೆದ ಸ್ಫೋಟದ ವಿಜ್ಞಾನಿ ತಂಡಕ್ಕೆ ರಾಮಣ್ಣನವರೇ ನಾಯಕರು. ಕೊನೆಯ ಸಭೆಗಳಲ್ಲಿ ವಿರೋಧಿಸಿದವರು ಯಾರು ಎಂಬುದನ್ನು ಅವರೇ ತಮ್ಮ ಆತ್ಮಕಥನದಲ್ಲಿ ಪ್ರಾಮಾಣಿಕವಾಗಿ ಬರೆದಿದ್ದಾರೆ. ಪ್ರಧಾನಿಯ ಆಪ್ತ ಸಲಹೆಗಾರ ಪಿ. ಎನ್. ಹಕ್ಸರ್ ಕಾಲ ಪಕ್ವವಾಗಿಲ್ಲ ಎಂದರು. ಅರ್ಥಶಾಸ್ತ್ರಜ್ಞ ಪಿ. ಎನ್. ಧರ್ ದೇಶದ ಆರ್ಥಿಕತೆಗೆ ಪೆಟ್ಟು ಬೀಳುತ್ತದೆ ಎಂದರು. ವಿಜ್ಞಾನಿಗಳು ಮುಂದಕ್ಕೆ ಹೋಗೋಣ ಎಂದರು. ಇಂದಿರಾ ಗಾಂಧಿ ನಿರ್ಧರಿಸಿದರು. ಸೇನೆಯ ಎಂಜಿನಿಯರುಗಳ ಪಾಲಿಗೆ ಬಂದದ್ದು ಬಾವಿ ತೋಡುವ ಕೆಲಸ.

ರಾಮಣ್ಣನವರನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ಅವರ ಪ್ರತಿಭೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಕೈಗೆ ಬಂದ ವಿದ್ಯೆಯನ್ನು ಪೂರ್ತಿ ಮಾಡಿ ನೋಡಬೇಕೆಂಬ ತುಡಿತ ವಿಜ್ಞಾನಿಯ ರಕ್ತದಲ್ಲೇ ಇರುತ್ತದೆ. ಆದ್ದರಿಂದಲೇ ಎಚ್ಚರದ ಹೊಣೆಯನ್ನು ವಿಜ್ಞಾನಿಗೊಬ್ಬನಿಗೇ ವಹಿಸಿ ನಾವು ನಿಶ್ಚಿಂತೆಯಿಂದ ಮಲಗುವಂತಿಲ್ಲ. ಆ ಮೇಜಿನ ಸುತ್ತ ಹಕ್ಸರ್, ಧರ್ ಅವರಂಥ ‘ತಡೆ’ ಎನ್ನುವವರ ಕುರ್ಚಿ ಯಾವಾಗಲೂ ಇರಬೇಕು.

ಕಡಲಡಿಯ ಒಂದು ‘ಬೇಡ’

ಹತಾಶೆಯ ತುದಿಯಲ್ಲಿ ನಿಂತು ಅಶ್ವತ್ಥಾಮನಿಗಿಂತ ಬೇರೆ ದಾರಿ ಹಿಡಿದವನೊಬ್ಬನಿದ್ದಾನೆ. 1962ರ ಅಕ್ಟೋಬರ್ 27, ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಸಮಯ. ಕ್ಯೂಬಾದ ಸಮೀಪ ಸೋವಿಯತ್ ಜಲಾಂತರ್ಗಾಮಿ ಬಿ-59 ಕಡಲೊಳಗೆ ಸಿಕ್ಕಿಹಾಕಿಕೊಂಡಿದೆ. ಒಳಗೆ 45 ಡಿಗ್ರಿ ಮೀರಿದ ಸೆಕೆ, ಉಸಿರಾಡಲು ಗಾಳಿ ಸಾಲದು, ಮಾಸ್ಕೊ ಜೊತೆ ಸಂಪರ್ಕವಿಲ್ಲ. ಮೇಲಿನಿಂದ ಅಮೆರಿಕನ್ ಹಡಗುಗಳು ಎಚ್ಚರಿಕೆಯ ಸಿಡಿಗುಂಡು ಹಾಕುತ್ತಿವೆ. ಮೇಲೆ ಯುದ್ಧ ಆಗಲೇ ಶುರುವಾಗಿದೆಯೇನೋ ಎಂದು ಕ್ಯಾಪ್ಟನ್ ಸವಿಟ್ಸ್‌ಕಿ ಅಣು ಟಾರ್ಪಿಡೊ ಸಜ್ಜು ಮಾಡಿ ಎಂದು ಅಬ್ಬರಿಸಿದ. ಅದೇ ಹಡಗಿನಲ್ಲಿದ್ದ ದಳದ ಮುಖ್ಯಾಧಿಕಾರಿ ವಾಸಿಲಿ ಅರ್ಖಿಪೋವ್ ಒಪ್ಪಲಿಲ್ಲ. ಕ್ಯಾಪ್ಟನ್‌ನನ್ನು ಸಮಾಧಾನಪಡಿಸಿದ ಎಂದು ಜೊತೆಗಿದ್ದವರು ಆಮೇಲೆ ಹೇಳಿದ್ದಾರೆ. ಹಡಗು ಮೇಲೆ ಬಂತು, ಟಾರ್ಪಿಡೊ ತನ್ನ ಕೊಳವೆಯಲ್ಲೇ ಉಳಿಯಿತು.

ಅರ್ಖಿಪೋವ್‌ಗೆ ಆ ಎಚ್ಚರ ಪುಸ್ತಕದಿಂದ ಬಂದದ್ದಲ್ಲ. ಹಿಂದಿನ ವರ್ಷ ಕೆ-19 ಎಂಬ ಅಣು ಜಲಾಂತರ್ಗಾಮಿಯಲ್ಲಿ ರಿಯಾಕ್ಟರ್ ಕೆಟ್ಟಾಗ ಅವನು ಅಲ್ಲಿದ್ದ. ಅದನ್ನು ಸರಿಪಡಿಸಲು ಒಳಗೆ ಹೋದ ನಾವಿಕರು ವಿಕಿರಣದಿಂದ ಕೆಲವೇ ದಿನಗಳಲ್ಲಿ ಸತ್ತದ್ದನ್ನು ಕಂಡಿದ್ದ. ಫ್ರಾಂಕ್ ಹೊಗೆ ಕಂಡಿದ್ದರು, ಅರ್ಖಿಪೋವ್ ವಿಕಿರಣ ಕಂಡಿದ್ದ, ನನ್ನ ತಂದೆ ಸಿಡಿದ ಕಬ್ಬಿಣ ಕಂಡಿದ್ದರು. ಕಂಡದ್ದನ್ನು ಮರೆಯದೆ ಇಟ್ಟುಕೊಳ್ಳುವ ಶಕ್ತಿಯೇ ಎಚ್ಚರ.

ಹನ್ನೆರಡು ವರ್ಷ ಮಳೆಯಿಲ್ಲದ ನಾಡು

ಸೌಪ್ತಿಕ ಪರ್ವಕ್ಕೆ ಇನ್ನೊಮ್ಮೆ ಮರಳುತ್ತೇನೆ. ಬ್ರಹ್ಮಶಿರವನ್ನು ಇನ್ನೊಂದು ಮಹಾಸ್ತ್ರದಿಂದ ಎದುರಿಸಿದ ನಾಡಿನಲ್ಲಿ ಹನ್ನೆರಡು ವರ್ಷ ಮಳೆ ಬೀಳುವುದಿಲ್ಲ ಎಂದು ವ್ಯಾಸರು ಅಶ್ವತ್ಥಾಮನಿಗೆ ಹೇಳುತ್ತಾರೆ. ಅರ್ಜುನ ಶಕ್ತನಾಗಿದ್ದರೂ ಹಿಂತೆಗೆದುಕೊಂಡದ್ದು ಜನರ ಹಿತಕ್ಕಾಗಿ ಎನ್ನುತ್ತಾರೆ. ಗೆದ್ದವನಿಗೂ ಮಳೆ ಇಲ್ಲ ಎಂಬ ಮಾತು ಇದು.

2007ರಲ್ಲಿ ಅಲನ್ ರೋಬಾಕ್ ಮತ್ತು ಸಂಗಡಿಗರು ಒಂದು ಹವಾಮಾನ ಅಧ್ಯಯನ ಪ್ರಕಟಿಸಿದರು. ಭಾರತ, ಪಾಕಿಸ್ತಾನ ಸೇರಿ ಹಿರೊಷಿಮ ಗಾತ್ರದ ನೂರು ಬಾಂಬುಗಳನ್ನು ಒಬ್ಬರ ಮೇಲೊಬ್ಬರು ಹಾಕಿದರೆ ಏನಾದೀತು? ಸುಡುವ ನಗರಗಳಿಂದ ಐವತ್ತು ಲಕ್ಷ ಟನ್ ಮಸಿ ಮೇಲೇರಿ ಬಿಸಿಲಿಗೆ ಅಡ್ಡವಾಗುತ್ತದೆ, ಭೂಮಿ ತಂಪಾಗುತ್ತದೆ, ಮಳೆ ಕುಗ್ಗುತ್ತದೆ, ಅದು ವರ್ಷಗಟ್ಟಲೆ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಅಷ್ಟು ಮಸಿ ಅಷ್ಟು ಎತ್ತರಕ್ಕೆ ಹೋಗುತ್ತದೆಯೇ ಎಂದು ವಿಜ್ಞಾನಿಗಳು ಇಂದಿಗೂ ವಾದಿಸುತ್ತಿದ್ದಾರೆ. ವಾದ ಇರಲಿ. ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಆ ನೀರು ತುಂಗೆಗೆ ಇಳಿಯಬೇಕು, ಭದ್ರೆಯೊಂದಿಗೆ ಕೂಡ್ಲಿಯಲ್ಲಿ ಸೇರಬೇಕು, ಕೆಳಗೆ ಲಕ್ಷಾಂತರ ಎಕರೆಗೆ ಹೋಗಬೇಕು. ಒಂದು ಜೂನ್ ತಿಂಗಳಲ್ಲಿ ಮುಂಗಾರು ಹದಿನೈದು ದಿನ ತಡವಾದರೆ ಅಡಿಕೆ ತೋಟದವನ ಮುಖ ಹೇಗಾಗುತ್ತದೆ ಎಂಬುದು ನಿಮಗೆ ಗೊತ್ತು. ದೂರದ ಯಾವುದೋ ನಗರದ ಮೇಲೆ ಬಿದ್ದ ಬಾಂಬ್ ತೀರ್ಥಹಳ್ಳಿಯ ಗದ್ದೆಯನ್ನು ಬರಿದು ಮಾಡುವ ಸಾಧ್ಯತೆ ಇದ್ದರೆ, ಆ ಬಾಂಬಿನ ವಿಚಾರ ದಿಲ್ಲಿಯವರ ವಿಚಾರ ಮಾತ್ರ ಅಲ್ಲ.

ತೀರ್ಥಹಳ್ಳಿಯ ಕುಪ್ಪಳಿಯ ಕುವೆಂಪು 1931ರಲ್ಲೇ ‘ಸ್ಮಶಾನ ಕುರುಕ್ಷೇತ್ರಂ’ ನಾಟಕ ಬರೆದರು. ಅಣುಬಾಂಬ್ ಇನ್ನೂ ಹದಿನಾಲ್ಕು ವರ್ಷ ದೂರವಿತ್ತು. ಗೆದ್ದ ಮೇಲಿನ ರಣರಂಗವನ್ನು ಅವರು ಕಥೆಯ ಕೇಂದ್ರಕ್ಕೆ ತಂದರು. ಯುದ್ಧದ ಲೆಕ್ಕವನ್ನು ಗೆಲುವಿನ ಸಂಜೆಯಲ್ಲಿ ಅಲ್ಲ, ಮಾರನೆಯ ದಿನದ ಸ್ಮಶಾನದಲ್ಲಿ ಕೂತು ಮಾಡಬೇಕು ಎಂಬ ಪಾಠ ನಮ್ಮ ಜಿಲ್ಲೆಯ ಸಾಹಿತ್ಯದಲ್ಲೇ ಇದೆ.

ನಮ್ಮ ಪಾಲಿನ ಕೆಲಸ

ಹಾಗಾದರೆ ನಾವು ಏನು ಮಾಡಬೇಕು? ಲೋಕದಲ್ಲಿ ಇಂದು ಸುಮಾರು 12,000 ಅಣ್ವಸ್ತ್ರಗಳಿವೆ. ನಮ್ಮ ದೇಶದ ಬಳಿಯೂ ಇವೆ. ಗಡಿಯಲ್ಲಿ ಕಾಯುವ ಸೈನಿಕನ ಸಂಕಟ ಸುಳ್ಳಲ್ಲ. ಭದ್ರಾವತಿ, ಶಿವಮೊಗ್ಗದ ಎಷ್ಟೋ ಮನೆಗಳಿಂದ ಮಕ್ಕಳು ಸೇನೆಗೆ ಹೋಗಿದ್ದಾರೆ. ಅವರ ತಾಯಂದಿರ ಎದುರು ನಿಂತು ನಾನು ಸುಲಭದ ಶಾಂತಿಮಂತ್ರ ಹೇಳಲಾರೆ. ಆದರೆ ಒಂದು ಮಾತು ಹೇಳಬಲ್ಲೆ. ಈ ಅಸ್ತ್ರಕ್ಕೆ ಅರ್ಜುನನ ಉಪಸಂಹಾರ ಇಲ್ಲ. ಹಾರಿದ ಕ್ಷಿಪಣಿಯನ್ನು ಯಾವ ಮಂತ್ರವೂ ಹಿಂದಕ್ಕೆ ಕರೆಯದು. ಬಿಟ್ಟ ಮೇಲಿನ ಉಪಸಂಹಾರ ಇಲ್ಲದ ಅಸ್ತ್ರಕ್ಕೆ ಉಳಿಯುವುದು ಬಿಡುವ ಮೊದಲಿನ ಉಪಸಂಹಾರ ಮಾತ್ರ. ಅದು ಒಪ್ಪಂದದಲ್ಲಿದೆ, ಕಾನೂನಿನಲ್ಲಿದೆ, ಮೇಜಿನ ಸುತ್ತ ‘ತಡೆ’ ಎನ್ನುವವರ ಕುರ್ಚಿಯಲ್ಲಿದೆ, ಕೊಟ್ಟ ಮಾತಿನಲ್ಲಿದೆ.

ಭಾರತ ಅಂಥ ಒಂದು ಮಾತು ಕೊಟ್ಟಿದೆ. ಅಣ್ವಸ್ತ್ರವನ್ನು ಮೊದಲು ನಾವು ಬಳಸುವುದಿಲ್ಲ ಎಂಬ ನೀತಿಯನ್ನು ಸರ್ಕಾರ 2003ರ ಜನವರಿಯಲ್ಲಿ ಅಧಿಕೃತವಾಗಿ ಪ್ರಕಟಿಸಿತು. ಆದೇಶ ಕೊಡುವ ಅಧಿಕಾರವನ್ನು ಪ್ರಧಾನಿಯ ಅಧ್ಯಕ್ಷತೆಯ ರಾಜಕೀಯ ಮಂಡಳಿಯ ಕೈಯಲ್ಲಿಟ್ಟಿತು. ಈ ಮಾತನ್ನು ಸಡಿಲಿಸಬೇಕೆಂಬ ಚರ್ಚೆ ಆಗಾಗ ಏಳುತ್ತದೆ. ಹತಾಶೆಯ ಗಳಿಗೆಯಲ್ಲಿ ಅದು ಜೋರಾಗಿ ಏಳುತ್ತದೆ. ಆಗ ಈ ಊರಿನ ಜನ, ಯಾವ ಪಕ್ಷದವರೇ ಆಗಿರಲಿ, ಆ ಮಾತಿನ ಬೆನ್ನಿಗೆ ನಿಲ್ಲಬೇಕು ಎಂಬುದು ನನ್ನ ಬಿನ್ನಹ. ಅದೇ ನಾವು ಮುಟ್ಟಬಾರದ ಅಸಲು.

ಎದುರಿಗೆ ಕೂತಿರುವ ವಿದ್ಯಾರ್ಥಿಗಳಿಗೆ ಕಡೆಯ ಮಾತು. ನಿಮ್ಮಲ್ಲಿ ಕೆಲವರು ನಾಳೆ ಪ್ರಯೋಗಶಾಲೆಗೆ ಹೋಗುತ್ತೀರಿ, ಕೆಲವರು ಸೇನೆಗೆ, ಕೆಲವರು ಕಚೇರಿಗೆ. ನಿಮ್ಮ ಕೈಗೂ ಒಂದಲ್ಲ ಒಂದು ಶಕ್ತಿ ಬರುತ್ತದೆ. ಕಲಿಯುವಾಗ ಪ್ರಯೋಗದ ಜೊತೆಗೇ ಉಪಸಂಹಾರವನ್ನೂ ಕೇಳಿ ಕಲಿಯಿರಿ. ಗುರು ಹೇಳದಿದ್ದರೆ ಬಿಡದೆ ಕೇಳಿ. ಕೆಲಸಕ್ಕೆ ಸೇರುವ ದಿನವೇ ಫ್ರಾಂಕ್ ಹಾಗೆ ‘ಬೇಡ’ ಎನ್ನುವ ಹಕ್ಕನ್ನು ಕೇಳಿಟ್ಟುಕೊಳ್ಳಿ. ಅವಸರ ಮಾಡುವವರು ಬಾಗಿಲಲ್ಲಿ ನಿಂತಿರುತ್ತಾರೆ, ಅವರ ಅವಸರಕ್ಕೂ ನ್ಯಾಯವಾದ ಕಾರಣ ಇರುತ್ತದೆ. ಆದರೂ ಮಂಡಿಯೂರಿ ಮರಳನ್ನು ಮುಟ್ಟಿ ನೋಡಿ. ತಣ್ಣಗಿದ್ದರೆ, ಕಾಯಿರಿ ಎಂದು ಹೇಳಿ.